ಕೆಟ್ಟ ಪಂಪ್‌ಗೆ 'ಇಂಪರ್ಫೆಕ್ಟ್' ಅಂತ ಬರೆಯಬಹುದಾ?

ಹೊಸ ಪಂಪ್ ನೀರೆತ್ತುತ್ತಿಲ್ಲ, ಕಂಪನಿಗೆ ಇಂಗ್ಲಿಷ್‌ನಲ್ಲಿ ದೂರು ಬರೆಯುವಾಗ 'ಇಂಪರ್ಫೆಕ್ಟ್' ಅನ್ನಬಹುದಾ ಅಂತ ಸಾಗರದಿಂದ ಕೇಳಿದ್ದೀರಿ ಅಲ್ವಾ? ಬೇಡ. ಅಲ್ಲಿ 'ಡಿಫೆಕ್ಟಿವ್' ಅಂತಲೇ ಹಾಕಿ, ವಾರಂಟಿ ಕಾಗದದಲ್ಲೂ ಸಾಮಾನ್ಯವಾಗಿ ಅದೇ ಭಾಷೆ ಇರುತ್ತದೆ. 'ಫಾಲ್ಟಿ' ಅಂದರೂ ನಡೆಯುತ್ತದೆ. ವೈರಿಂಗ್, ಸ್ವಿಚ್ಚು, ಮೀಟರ್ ಇಂಥವಕ್ಕೆ ಅದರ ಬಳಕೆ ಜಾಸ್ತಿ.

ಇಂಪರ್ಫೆಕ್ಟ್ ಅಂದರೆ ಕೆಟ್ಟುಹೋಗಿದೆ ಅಂತಲ್ಲ. ಲ್ಯಾಟಿನ್ ಮೂಲದಲ್ಲಿ ಅದಕ್ಕೆ ಪೂರ್ತಿಯಾಗದ್ದು ಅನ್ನುವ ಅರ್ಥ, ಅದಕ್ಕೇ ವ್ಯಾಕರಣದಲ್ಲೂ ಹಿಂದೆ ನಡೆಯುತ್ತಾ ಇದ್ದ, ಮುಗಿಯಿತೋ ಇಲ್ಲವೋ ಹೇಳದ ಕ್ರಿಯೆಗೆ ಆ ಹೆಸರಿದೆ. ಈಗ ದಿನಬಳಕೆಯಲ್ಲಿ ಸಣ್ಣಪುಟ್ಟ ಕೊರತೆ ಇದೆ, ಆದರೂ ಕೆಲಸಕ್ಕೆ ಬರುತ್ತದೆ ಅನ್ನುವ ಧಾಟಿ. ನಮ್ಮ ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಕೆಳದರ್ಜೆಯ ಅಡಿಕೆ 'ಗೊರಬಲು' ಇದ್ದ ಹಾಗೆ: ಮೇಲ್ದರ್ಜೆಯ 'ಸರಕು' ಅಡಿಕೆಯ ದರ ಸಿಗುವುದಿಲ್ಲ, ಹಾಗಂತ ಯಾರೂ ಬಿಸಾಡುವುದೂ ಇಲ್ಲ. 'ಮೈ ಇಂಗ್ಲಿಷ್ ಈಸ್ ಇಂಪರ್ಫೆಕ್ಟ್' ಅಂದರೆ ಸರಿ, ಅಲ್ಲಿ ಡಿಫೆಕ್ಟಿವ್ ಹಾಕಿದರೆ ಓದುವವರಿಗೆ ನಗು ಬರುತ್ತದೆ. ಮನುಷ್ಯರಿಗಂತೂ ಆ ಪದ ಹಚ್ಚಲೇಬೇಡಿ, ಬೈಗುಳ ಆಗಿಬಿಡುತ್ತದೆ.

'ಫ್ಲಾಡ್' ಬೇರೆ. ವಾದವೋ ಯೋಜನೆಯೋ ಬುಡದಲ್ಲೇ ತಪ್ಪಿದ್ದರೆ ಅದು. ನಿಮ್ಮ ಪಂಪಿಗೆ ಸುಮ್ನೆ ಅಷ್ಟು ದೂರ ಹೋಗಬೇಕಿಲ್ಲ.

'ದ ಪಂಪ್ ಈಸ್ ಡಿಫೆಕ್ಟಿವ್, ಪ್ಲೀಸ್ ರಿಪ್ಲೇಸ್ ಇಟ್' ಅಷ್ಟೇ ಸಾಕು. ಬಿಲ್ ನಂಬರು, ಕೊಂಡ ತಾರೀಖು ಹಾಕುವುದನ್ನು ಮಾತ್ರ ಮರೀಬೇಡಿ, ಮೊದಲು ಕೇಳುವುದೇ ಅದನ್ನು.