ಪೊಲೀಸರೇ ಇಲ್ಲದ ನಾಡಿನಲ್ಲಿ ಕಾನೂನು ನಡೆದದ್ದು ಹೇಗೆ?

ಪ್ರಶ್ನೆ: ಹಳೆಯ ಐರ್ಲೆಂಡಿನಲ್ಲಿ ಪೊಲೀಸರೂ ಇರಲಿಲ್ಲ, ಜೈಲೂ ಇರಲಿಲ್ಲ, ಕೊಲೆ ಮಾಡಿದವನೂ ದನ ಕೊಟ್ಟು ಪಾರಾಗುತ್ತಿದ್ದ, ಬಾಕಿ ವಸೂಲಿಗೆ ಮನೆ ಮುಂದೆ ಉಪವಾಸ ಕೂರುತ್ತಿದ್ದರು ಎಂದು ಒಂದು ವಿಡಿಯೊದಲ್ಲಿ ಕೇಳಿದೆ. ಹೆಣ್ಣಿಗೆ ಗಂಡಿನಷ್ಟೇ ಹಕ್ಕಿತ್ತು ಎಂದೂ ಅದರಲ್ಲಿ ಹೇಳಿದರು. ಎಷ್ಟು ನಿಜ? ಬಲವಂತ ಮಾಡುವವರೇ ಇಲ್ಲದಿದ್ದರೆ ತೀರ್ಪಿಗೆ ಯಾರು ತಲೆಬಾಗುತ್ತಿದ್ದರು?
— ಕಾನೂನು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಹೆಣ್ಣಿನ ಹಕ್ಕಿನ ಮಾತೊಂದನ್ನು ಬಿಟ್ಟರೆ ಮಿಕ್ಕದ್ದು ಬಹುಮಟ್ಟಿಗೆ ನಿಜ. ನೀವು ಕೇಳಿದ್ದು ಬ್ರೆಹನ್ ಕಾನೂನಿನ ಬಗ್ಗೆ. ಬ್ರೆಹನ್ ಎಂದರೆ ನ್ಯಾಯ ಹೇಳುವವನು. ಈ ಕಟ್ಟಳೆಗಳು ಬರಹಕ್ಕೆ ಇಳಿದದ್ದು ಮುಖ್ಯವಾಗಿ 7 ಮತ್ತು 8ನೇ ಶತಮಾನಗಳಲ್ಲಿ. ನಮಗೆ ಸಿಕ್ಕಿರುವ ಪ್ರತಿಗಳಲ್ಲಿ ಹೆಚ್ಚಿನವು 14ರಿಂದ 16ನೇ ಶತಮಾನದವು. ಕಾನೂನನ್ನೇ ಕುಲವಿದ್ಯೆಯಾಗಿ ಉಳಿಸಿಕೊಂಡು ಬಂದ ಮ್ಯಾಕ್ ಈಗನ್, ಓ'ಡವೊರೆನ್‌ರಂಥ ಮನೆತನಗಳಿಂದಾಗಿ ಇಷ್ಟಾದರೂ ಉಳಿದಿದೆ.

ನ್ಯಾಯ ಹೇಳುವವನ ಹಿಂದೆ ಸಿಪಾಯಿಗಳಿರಲಿಲ್ಲ. ತನ್ನ ತೀರ್ಪಿಗೆ ತಾನೇ ಹೊಣೆ ಎಂದು ಅವನು 5 ಔನ್ಸ್ ಬೆಳ್ಳಿಯನ್ನು ಒತ್ತೆ ಇಡಬೇಕಿತ್ತು. ತೀರ್ಪಿಗೆ ಜನ ತಲೆಬಾಗುತ್ತಿದ್ದದ್ದು ಮಾನಕ್ಕೆ ಮತ್ತು ದಾಯಾದಿಗಳಿಗೆ ಅಂಜಿ. ಪ್ರತಿಯೊಬ್ಬನ ಮಾನಕ್ಕೂ ಕಾನೂನು ಒಂದು ಬೆಲೆ ಕಟ್ಟಿತ್ತು. ಅವನು ಎಷ್ಟು ಮೊತ್ತದ ಕರಾರು ಮಾಡಿಕೊಳ್ಳಬಹುದು, ಎಷ್ಟಕ್ಕೆ ಜಾಮೀನು ನಿಲ್ಲಬಹುದು, ಅವನ ಸಾಕ್ಷಿಗೆ ಎಷ್ಟು ತೂಕ ಎಂಬುದೆಲ್ಲ ಆ ಬೆಲೆಯ ಮೇಲೆ ನಿಂತಿತ್ತು. ಮಾತಿಗೆ ತಪ್ಪಿದವನ ಬೆಲೆ ಬಿದ್ದುಹೋಗುತ್ತಿತ್ತು. ಬಿದ್ದ ಮೇಲೆ ಅವನೊಡನೆ ವ್ಯವಹಾರಕ್ಕೆ ಯಾರೂ ಬರುತ್ತಿರಲಿಲ್ಲ. ರಾಜನಿಗೂ ಇದರಿಂದ ವಿನಾಯಿತಿ ಇರಲಿಲ್ಲ. ಯುದ್ಧದಿಂದ ಓಡಿಬಂದರೆ, ಕದ್ದ ಅನ್ನ ಉಂಡರೆ ಅವನ ಮಾನದ ಬೆಲೆಯೂ ಹೋಗುತ್ತಿತ್ತು.

ಕೊಲೆಗೆ ಪರಿಹಾರ ಎರಡು ಭಾಗದ್ದು. ಸತ್ತವನು ಸ್ವತಂತ್ರ ಮನುಷ್ಯನಾಗಿದ್ದರೆ ಜೀವದ ಬೆಲೆ ಎಲ್ಲರಿಗೂ ಒಂದೇ, 7 ಕುಮಲ್. ಒಂದು ಕುಮಲ್‌ಗೆ ಕರೆಯುವ ಹಸು 3 ಎಂಬ ಸಾಮಾನ್ಯ ಲೆಕ್ಕ ಹಿಡಿದರೆ 21 ಹಸು. ಇದರ ಮೇಲೆ ಅಂತಸ್ತಿಗೆ ತಕ್ಕಂತೆ ಮಾನದ ಬೆಲೆ. ಆದರೆ 'ದನ ಕೊಟ್ಟು ಪಾರಾಗುತ್ತಿದ್ದ' ಎನ್ನುವಷ್ಟು ಸಲೀಸಾಗಿರಲಿಲ್ಲ. ಕೊಂದವನ ಕೈಯಲ್ಲಿ ಆಗದಿದ್ದರೆ ಹೊರೆ ಅವನ ದಾಯಾದಿಗಳ ಮೇಲೆ ಬೀಳುತ್ತಿತ್ತು. ಒಬ್ಬ ಪುಂಡನಿಂದ ಇಡೀ ಕುಟುಂಬದ ಕೊಟ್ಟಿಗೆ ಬರಿದಾಗಬಹುದಿತ್ತು. ಹಾಗಾಗಿ ಅವನನ್ನು ಹದ್ದಿನಲ್ಲಿಡುವ ಕೆಲಸ ಮನೆಯವರದೇ. ಯಾರೂ ಕೊಡದಿದ್ದರೆ ಸತ್ತವನ ಕಡೆಯವರು ಕೊಂದವನ ಪ್ರಾಣ ತೆಗೆಯಬಹುದಿತ್ತು. ಗುಟ್ಟಾಗಿ ಕೊಂದು ಹೆಣ ಬಚ್ಚಿಟ್ಟರೆ ದಂಡ ಇಮ್ಮಡಿ. ಇನ್ನೊಂದು ಮಾತು: ಕುಮಲ್ ಎಂದರೆ ಮೂಲದಲ್ಲಿ ಹೆಣ್ಣಾಳು, ಅಂದರೆ ದಾಸಿ. ಹೆಣ್ಣೊಬ್ಬಳನ್ನೇ ನಾಣ್ಯದಂತೆ ಎಣಿಸಿದ ಸಮಾಜವಿದು. ಇದನ್ನು ಮರೆತು ಹೊಗಳುವ ವಿಡಿಯೊಗಳು ನನಗೆ ಹಿಡಿಸುವುದಿಲ್ಲ.

ಬಾಕಿ ವಸೂಲಿಯ ಸಾಮಾನ್ಯ ದಾರಿ ದನಗಳ ಜಪ್ತಿ. ಮೊದಲು ನೋಟಿಸು, ಆಮೇಲೆ ವಾಯಿದೆ, ಅದೂ ಮುಗಿದ ಮೇಲೆ ದನಗಳನ್ನು ದೊಡ್ಡಿಗೆ ಹೊಡೆದುಕೊಂಡು ಹೋಗುವುದು. ದೊಡ್ಡಿಯ ಗಡುವು ದಾಟಿದರೂ ಬಿಡಿಸಿಕೊಳ್ಳದಿದ್ದರೆ ಮೊದಲ ದಿನ 5 ಸೇಟ್ (ಬೆಲೆ ಎಣಿಸುವ ಇನ್ನೊಂದು ಮಾನ) ಬೆಲೆಯ ದನ ಕೈಬಿಡುತ್ತಿತ್ತು, ಆಮೇಲೆ ದಿನಕ್ಕೆ 3 ಸೇಟ್.

ರಾಜ, ಧರ್ಮಗುರು, ಕವಿ ಮುಂತಾದ ದೊಡ್ಡವರ ದನಕ್ಕೆ ಹಾಗೆ ನೇರವಾಗಿ ಕೈಹಾಕುವಂತಿರಲಿಲ್ಲ. ಉಪವಾಸ ಬೇಕಾಗುತ್ತಿದ್ದದ್ದು ಇಲ್ಲಿ. ಬಾಕಿ ಬರಬೇಕಾದವನು ಆ ದೊಡ್ಡವನ ಮನೆಗೆ ಹೋಗಿ ಊಟ ಬಿಟ್ಟು ಕೂರುತ್ತಿದ್ದ. ಹೊತ್ತು ಮುಳುಗಿದಾಗಿನಿಂದ ಬೆಳಗಿನವರೆಗೆ, ಅಂದರೆ ರಾತ್ರಿಯ ಮುಖ್ಯ ಊಟ ತಪ್ಪುವಷ್ಟು ಕಾಲ ಎಂಬುದು ವಿದ್ವಾಂಸರ ಅಭಿಪ್ರಾಯ. ಸಾಯುವತನಕ ಕೂರುವ ಆಮರಣಾಂತ ಉಪವಾಸ ಇದಲ್ಲ. ಒಳಗಿದ್ದವನು ತೀರಿಸುತ್ತೇನೆಂದು ಒತ್ತೆಯನ್ನೋ ಜಾಮೀನನ್ನೋ ಕೊಡಬೇಕು. ಕೊಡದೆ ಉಂಡನೋ, ಬಾಕಿ ಇಮ್ಮಡಿ. ಉಪವಾಸವನ್ನು ಲೆಕ್ಕಿಸದವನಿಗೆ ದೇವರೂ ಇಲ್ಲ, ಮನುಷ್ಯರೂ ಇಲ್ಲ ಎನ್ನುತ್ತದೆ ಕಟ್ಟಳೆ. ಕೂತವನಿಗೂ ಮಿತಿ ಇತ್ತು: ಸರಿಯಾದ ಜಾಮೀನು ಕೊಡುತ್ತೇನೆಂದ ಮೇಲೂ ಹಟ ಬಿಡದಿದ್ದರೆ ಅವನ ಹಣವೇ ಮುಳುಗಿತು. ಬಡಪಾಯಿಯ ಕೈಗೆ ಇಂಥದೊಂದು ಅಸ್ತ್ರ ಕೊಟ್ಟು, ಅದು ದುರ್ಬಳಕೆಯಾಗದಂತೆಯೂ ನೋಡಿಕೊಂಡದ್ದು ಈ ಕಾನೂನಿನ ಅತ್ಯಂತ ದೊಡ್ಡ ಸಾಧನೆ ಎಂಬುದು ನನ್ನ ಎಣಿಕೆ.

ನಮ್ಮ ಧರಣಿಗೂ ಇದಕ್ಕೂ ಇರುವ ಹೋಲಿಕೆಯನ್ನು ಹೆನ್ರಿ ಮೇನ್ 1875ರಲ್ಲೇ ಬರೆದಿದ್ದ. ಭಾರತದಲ್ಲಿ ಕಾನೂನು ಸದಸ್ಯನಾಗಿದ್ದು ಹೋದವನು ಅವನು. ಹಳೆಯ ಧರಣಿ ಎಂದರೆ ಬಾಕಿದಾರನ ಬಾಗಿಲಲ್ಲಿ ಕೂತು ದೈವಕೋಪದ ಭಯ ಹುಟ್ಟಿಸುವುದು. 1860ರ ಭಾರತೀಯ ದಂಡ ಸಂಹಿತೆಯ 508ನೇ ಕಲಂ ತೆರೆದು ನೋಡಿ, ಅದರ ಮೊದಲ ದೃಷ್ಟಾಂತವೇ ಧರಣಿ ಕೂರುವವನದು. ಐರಿಷರು ಕ್ರಮಬದ್ಧ ವ್ಯಾಜ್ಯವೆಂದು ಒಪ್ಪಿದ್ದನ್ನು ಇಲ್ಲಿ ಬ್ರಿಟಿಷರು ಅಪರಾಧವೆಂದು ಬರೆದರು.

ಇನ್ನು ಹೆಣ್ಣಿನ ಮಾತು. ಮದುವೆಯ ಕಟ್ಟಳೆ ನೋಡಿದರೆ ಬೆರಗಾಗುತ್ತದೆ. ಗಂಡ ಹೊಡೆದು ಗಾಯದ ಕಲೆ ಉಳಿಸಿದರೆ, ಹಾಸಿಗೆಯ ಗುಟ್ಟನ್ನು ಹೊರಗೆ ಆಡಿದರೆ ಅವಳು ಬಿಟ್ಟು ಹೋಗಬಹುದಿತ್ತು. ಹೋಗುವಾಗ ಆಸ್ತಿಯಲ್ಲಿ ಪಾಲು ಬೀಳುತ್ತಿದ್ದದ್ದು ಜಮೀನು ಯಾರದು, ದನ ಯಾರದು, ದುಡಿಮೆ ಯಾರದು ಎಂದು ನೋಡಿ. ಮನೆಯಲ್ಲಿ ಬರೀ ಉಣ್ಣೆ ಇದ್ದರೆ ಅವಳಿಗೆ ಚಿಕ್ಕ ಪಾಲು. ಹಿಂಜಿ, ನೂತು, ಬಟ್ಟೆ ನೇಯ್ದಾಗಿದ್ದರೆ ಅವಳ ಪಾಲೂ ಅಷ್ಟಷ್ಟಾಗಿ ಬೆಳೆಯುತ್ತಿತ್ತು. ಹೆಂಗಸರ ಕೈಕೆಲಸಕ್ಕೆ ಇಷ್ಟು ಸೂಕ್ಷ್ಮವಾಗಿ ಬೆಲೆ ಕಟ್ಟಿದ್ದನ್ನು ಬೇರೆ ಹಳೆಯ ಕಾನೂನುಗಳಲ್ಲಿ ನಾನು ಕಂಡಿಲ್ಲ. ಆದರೂ ಸಮಾನತೆ ಎಂದು ಕರೆಯಲಾಗದು. ಹೆಣ್ಣಿನ ಮಾನದ ಬೆಲೆ ಸಾಮಾನ್ಯವಾಗಿ ತಂದೆ ಅಥವಾ ಗಂಡನದರ ಅರ್ಧ. ಅವಳ ಸಾಕ್ಷಿ ಹೆಚ್ಚಿನ ಸಂದರ್ಭಗಳಲ್ಲಿ ನಡೆಯುತ್ತಿರಲಿಲ್ಲ. ಹುಡುಗಿಯಾಗಿದ್ದಾಗ ತಂದೆ, ಮದುವೆಯಾದ ಮೇಲೆ ಗಂಡ, ವಿಧವೆಯಾದಾಗ ಮಕ್ಕಳು ಅವಳ ಮೇಲ್ವಿಚಾರಣೆ ನೋಡಬೇಕೆಂದು ಒಂದು ಐರಿಷ್ ಕಟ್ಟಳೆ ಹೇಳುತ್ತದೆ. ಮನುಸ್ಮೃತಿಯ 'ಪಿತಾ ರಕ್ಷತಿ ಕೌಮಾರೇ' ಓದಿದವರಿಗೆ ಇದರ ವಿವರಣೆ ಬೇಕಾಗಿಲ್ಲ. ಈ ಹೋಲಿಕೆಯನ್ನು ಐರಿಷ್ ವಿದ್ವಾಂಸರೂ ಗುರುತಿಸಿದ್ದಾರೆ.

ಮುಂದೆ ಓದುವ ಮನಸ್ಸಿದ್ದರೆ ಒಂದು ಎಚ್ಚರಿಕೆ. ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುವುದು 1865ರಿಂದ 1901ರವರೆಗೆ ಬಂದ ಆರು ಸಂಪುಟಗಳ ಅನುವಾದ. ಅದರಲ್ಲಿ ತಪ್ಪುಗಳು ಬಹಳ. 20ನೇ ಶತಮಾನದಲ್ಲಿ ಐರಿಷ್ ವಿದ್ವಾಂಸ ಡಿ. ಎ. ಬಿಂಚಿ ಮತ್ತು ಅವರ ನಂತರದವರು ಮಾಡಿದ ಕೆಲಸದಿಂದ ಶುರುಮಾಡಿ.