ನಾಟಕವೋ ಸೀರಿಯಲ್ಲೋ ಅಂತ ಕೇಳಿದ್ದೀರಿ, ನಾನು ಡಬ್ಬಿಂಗ್ ಬಗ್ಗೆ ಹೇಳುತ್ತೇನೆ

ಸಾಗರದ ಹುಡುಗಿ. ಡಿಗ್ರಿ ಮುಗಿದಿದೆ. ಒಂದು ಕಡೆ ಹೆಗ್ಗೋಡಿನ ರಂಗಶಿಕ್ಷಣ ಕೇಂದ್ರದಲ್ಲಿ ಸೀಟು, ಇನ್ನೊಂದು ಕಡೆ ಬೆಂಗಳೂರಿನ ಸೀರಿಯಲ್‌ನಲ್ಲಿ ನಾಯಕಿಯ ತಂಗಿಯ ಪಾತ್ರ. ನಟಿಯಾಗಬೇಕಾದರೆ ಯಾವುದಕ್ಕೆ ಹೋಗಲಿ, ನಾಟಕದವರು ಕ್ಯಾಮೆರಾ ಮುಂದೆ ಓವರ್ ಆಕ್ಟಿಂಗ್ ಮಾಡ್ತಾರಂತೆ ನಿಜವಾ, ಅಂತ ಕೇಳಿದ್ದೀರಿ. ಓದುತ್ತಾ ನಗು ಬಂತು. ಸುಮಾರು 20 ವರ್ಷದ ಹಿಂದೆ ಇದನ್ನೇ ನಾನು ನಮ್ಮ ಮೇಷ್ಟ್ರ ಹತ್ತಿರ ಕೇಳಿದ್ದೆ. ಅವರು "ಮೊದಲು ಊಟ ಮಾಡು ಹೋಗು" ಅಂದಿದ್ದರು. ನಾನು ಅಷ್ಟು ಚಿಕ್ಕದಾಗಿ ಹೇಳುವವಳಲ್ಲ.

ನಮ್ಮದು ಸಾಗರದಿಂದ ಜೋಗಕ್ಕೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಊರು. ತೋಟ ನಮ್ಮದಲ್ಲ. ಅಮ್ಮ ಬೇರೆಯವರ ಮನೆಗೆ ಅಡಿಕೆ ಸುಲಿಯಲು ಹೋಗುತ್ತಿದ್ದಳು, ಡಬ್ಬದ ಲೆಕ್ಕದಲ್ಲಿ ದುಡ್ಡು. ರಾತ್ರಿ ಹನ್ನೊಂದಾದರೂ ಮೆಟ್ಟುಗತ್ತಿ ಮುಂದೆ ಕೂತಿರುತ್ತಿದ್ದರು ಹೆಂಗಸರು. ನಿದ್ದೆ ಬರಬಾರದು ಅಂತ ಕಥೆ. ಒಬ್ಬಳು ಅತ್ತೆಯ ದನಿ, ಇನ್ನೊಬ್ಬಳು ಸೊಸೆಯ ದನಿ, ಮಧ್ಯೆ ಪಟೇಲರ ಕೆಮ್ಮು. ಕೈ ಮಾತ್ರ ನಿಲ್ಲುತ್ತಿರಲಿಲ್ಲ. ನಾನು ನೋಡಿದ ಮೊದಲ ನಾಟಕ ಅದು.

ಆಮೇಲೆ ಹೆಗ್ಗೋಡು. 1949ರಲ್ಲಿ ಊರಿನವರು ಸೇರಿ ಕಟ್ಟಿಕೊಂಡ ನೀಲಕಂಠೇಶ್ವರ ನಾಟ್ಯಸೇವಾ ಸಂಘ ನಿಮಗೂ ಗೊತ್ತಿರುತ್ತದೆ, ನಾವೆಲ್ಲ ನೀನಾಸಂ ಅನ್ನುತ್ತೇವೆ. ಕೆ.ವಿ. ಸುಬ್ಬಣ್ಣನವರ ಕಾಲದಲ್ಲಿ, 1980ರಲ್ಲಿ ಅಲ್ಲಿ ರಂಗಶಿಕ್ಷಣ ಶುರುವಾಯಿತು. 1985ರಲ್ಲಿ ತಿರುಗಾಟ, ಅಂದರೆ ಊರೂರಿಗೆ ನಾಟಕ ಒಯ್ಯುವ ತಂಡ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಾನಿನ್ನೂ ಸ್ಲೇಟು ಹಿಡಿದಿದ್ದೆ. ಅಪ್ಪ ಅಂಗಡಿಯಲ್ಲಿ ಪೇಪರ್ ಓದಿಸಿಕೊಂಡು ಬಂದು "ನಮ್ಮ ಕಡೆಯವರು ಕಣೆ" ಅಂದಿದ್ದು ನೆನಪಿದೆ.

ಅಲ್ಲಿ ನನಗೆ ಮೊದಲು ಕಲಿಸಿದ್ದು ಮಳೆ. ತಮಾಷೆಗೆ ಹೇಳುತ್ತಿಲ್ಲ. ಜುಲೈ ತಿಂಗಳ ಮಳೆ ಮಾಡಿನ ಮೇಲೆ ಬೀಳುವಾಗ ನಿಮ್ಮ ಮಾತು ಕೊನೇ ಸಾಲಿಗೆ ಮುಟ್ಟಬೇಕು. ಕಿರುಚಿದರೆ ಎರಡೇ ದಿನಕ್ಕೆ ಗಂಟಲು ಕಟ್ಟುತ್ತದೆ. ಹೊಟ್ಟೆಯಿಂದ ಉಸಿರು ಎತ್ತಿ, ಮಳೆಯ ಸದ್ದಿಗಿಂತ ಸ್ವಲ್ಪ ಕೆಳಗಿನ ಶ್ರುತಿಯಲ್ಲಿ ಹೇಳಿದರೆ ಮಾತು ಅದರ ಅಡಿಯಲ್ಲಿ ನುಸುಳಿಕೊಂಡು ಹೋಗುತ್ತದೆ. ಇದು ತಲೆಗೆ ಹೋಗಲಿಕ್ಕೆ ಆ ಮಳೆಗಾಲ ಪೂರ್ತಿ ಬೇಕಾಯಿತು. ಅಷ್ಟು ಕಷ್ಟಪಟ್ಟು ಮಾಡಿಕೊಂಡ ದನಿಯನ್ನು ನಾನು ಒಂದು ಫೋನ್ ಕಾಲ್‌ನಲ್ಲಿ ಬಿಟ್ಟುಕೊಟ್ಟೆ.

2009ರ ನವೆಂಬರ್‌ನಲ್ಲಿ ತೀರ್ಥಹಳ್ಳಿ ಕಡೆ ಒಂದು ಸಿನಿಮಾದ ಶೂಟಿಂಗ್. ಹೆಸರು ಬೇಡ. ನನ್ನದು ಮನೆ ನಡೆಸುವ ವಿಧವೆ ಅಕ್ಕನ ಪಾತ್ರ, 11 ಸೀನು, 14 ದಿನದ ಕಾಲ್‌ಶೀಟ್. ಮೊದಲ ದಿನ ನಾನೂ ಕೊನೇ ಸಾಲಿಗೆ ಕೇಳಿಸುವ ಹಾಗೇ ಮಾತಾಡಿದೆ. ಕ್ಯಾಮೆರಾದವರು ಹತ್ತಿರ ಬಂದು ಮೆಲ್ಲಗೆ, "ಅಕ್ಕ, ನಾನು ಇಲ್ಲೇ ಇದ್ದೀನಿ" ಅಂದರು. ಎರಡು ದಿನದಲ್ಲಿ ಸರಿಹೋಯಿತು. ಓವರ್ ಆಕ್ಟಿಂಗ್ ಅನ್ನುವ ನಿಮ್ಮ ಭಯಕ್ಕೆ ಅಷ್ಟೇ ಉತ್ತರ, ಎರಡು ದಿನ. ಉಮಾಶ್ರೀ ಅವರನ್ನು ನೋಡಿ. ರಂಗಭೂಮಿಯಲ್ಲಿ ಬೆಳೆದವರು, ಪರದೆಯ ಮೇಲೆ ವರ್ಷಗಟ್ಟಲೆ ಜನರನ್ನು ನಗಿಸಿದವರು. ನಮ್ಮ ತೀರ್ಥಹಳ್ಳಿ ತಾಲೂಕಿನವರೇ ಆದ ಗಿರೀಶ್ ಕಾಸರವಳ್ಳಿ ಅವರ 'ಗುಲಾಬಿ ಟಾಕೀಸ್'ನಲ್ಲಿ ಸುಮ್ನೆ ಕೂತು ನೋಡುವುದರಲ್ಲೇ ಏನೇನು ಮಾಡಿದ್ದಾರೆ! 2007ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂತು ಅದಕ್ಕೆ.

ಇರಲಿ, ನನ್ನ ಕಥೆಗೆ ಬರುತ್ತೇನೆ. ಆ ಸಿನಿಮಾದಲ್ಲಿ ಶೂಟಿಂಗ್ ಹೊತ್ತಿಗೆ ಹಿಡಿದ ದನಿ ಬರೀ ಗುರುತಿಗೆ. ಪೈಲಟ್ ಟ್ರ್ಯಾಕ್ ಅನ್ನುತ್ತಾರೆ. ಜನರೇಟರ್ ಸದ್ದು, ಯಾರದೋ ಕೆಮ್ಮು, ನಿರ್ದೇಶಕರು "ಆ ಕಡೆ ನೋಡಿ" ಅಂತ ಕೂಗುವುದು ಎಲ್ಲ ಅದರಲ್ಲಿ ಇರುತ್ತದೆ. ಎಡಿಟಿಂಗ್ ಆದ ಮೇಲೆ ನಟರು ಡಬ್ಬಿಂಗ್ ಥಿಯೇಟರ್‌ಗೆ ಹೋಗಿ, ಪರದೆಯ ಮೇಲೆ ತಮ್ಮ ತುಟಿ ನೋಡುತ್ತಾ ಇಡೀ ಪಾತ್ರವನ್ನು ಮತ್ತೆ ಹೇಳಬೇಕು. ಅಂದರೆ ಅರ್ಧ ಪಾತ್ರ ಹುಟ್ಟುವುದೇ ಆ ಕತ್ತಲೆ ಕೋಣೆಯಲ್ಲಿ. ನನಗೆ ಇದು ಗೊತ್ತಿರಲಿಲ್ಲ. ಡಬ್ಬಿಂಗ್ ಅಂದರೆ ಕಾಗದಕ್ಕೆ ಸೀಲು ಹೊಡೆಸಿದ ಹಾಗೆ ಏನೋ ಒಂದು ಆಫೀಸ್ ಕೆಲಸ ಅಂದುಕೊಂಡಿದ್ದೆ.

2010ರ ಜನವರಿ. ನಾನು ಒಂದು ನಾಟಕ ತಂಡದ ಜೊತೆ ಬಾಗಲಕೋಟೆ ಕಡೆ ಇದ್ದೆ. ತಂಡ ಅಂದರೆ ನಟಿಯೂ ನಾನೇ, ಲೈಟು ಕಟ್ಟುವವಳೂ ನಾನೇ. ವ್ಯಾನಿನ ಹಿಂದೆ ವೈರ್ ಸುತ್ತುತ್ತಿದ್ದಾಗ ಪ್ರೊಡಕ್ಷನ್ ಮ್ಯಾನೇಜರ್ ಫೋನು.

"ಮೇಡಂ, ನಾಳಿದ್ದು ಡಬ್ಬಿಂಗ್, ಎರಡು ದಿನ. ಬರ್ತೀರಾ?"

"ಎರಡೂ ದಿನ ಶೋ ಇದೆ ಸಾರ್."

"ಪರವಾಗಿಲ್ಲ, ಬೇರೆಯವರ ಹತ್ರ ಹೇಳಿಸಿಬಿಡ್ತೀವಿ. ನಿಮ್ಮ ಪೇಮೆಂಟ್‌ಗೆ ಏನೂ ತೊಂದರೆ ಇಲ್ಲ."

"ಹಾಗೇ ಮಾಡಿ ಸಾರ್."

ಇಷ್ಟೇ. ಒಂದು ನಿಮಿಷವೂ ಆಗಲಿಲ್ಲ. ಫೋನ್ ಜೇಬಿಗೆ ಹಾಕಿ ಉಳಿದ ವೈರ್ ಸುತ್ತಿದೆ.

ಎಷ್ಟು ರಾತ್ರಿ ಮಲಗಿಕೊಂಡು ಇದರ ಲೆಕ್ಕ ಹಾಕಿದ್ದೇನೋ ಗೊತ್ತಿಲ್ಲ. ಮೊದಲನೇ ದಿನದ ನಾಟಕದಲ್ಲಿ ನನ್ನದು ಬರೀ ಮೇಳದ ಕೆಲಸ, ನಾನಿಲ್ಲದಿದ್ದರೂ ನಡೆಯುತ್ತಿತ್ತು. ಎರಡನೇ ದಿನದ ಪಾತ್ರ ನನ್ನ ಗೆಳತಿಗೆ ಬಾಯಿಪಾಠ ಬರುತ್ತಿತ್ತು. ಆ ರಾತ್ರಿಯೇ ಬೆಂಗಳೂರಿಗೆ ಬಸ್ಸಿತ್ತು. ಅದೂ ಬೇಡ, "ಸಾರ್, ಸೋಮವಾರ ನಮಗೆ ರಜ, ಅವತ್ತು ಬರ್ತೀನಿ" ಅಂದಿದ್ದರೆ ಸಾಕಿತ್ತು. ಸಿನಿಮಾ ತೆರೆಗೆ ಬಂದಿದ್ದು ಅದಾಗಿ ಐದು ತಿಂಗಳಿಗೆ! ಯಾರಿಗೂ ಅರ್ಜೆಂಟ್ ಇರಲಿಲ್ಲ. ನಾನು ಕೇಳಲಿಲ್ಲ, ಅಷ್ಟೇ. ಮ್ಯಾನೇಜರ್ ಮೇಲೆ ನನಗೆ ಸಿಟ್ಟಿಲ್ಲ. ಅವನು ಕೇಳಿದ, ನಾನು ಹೂಂ ಅಂದೆ.

ಯಾಕೆ ಹೂಂ ಅಂದೆ? ನಾಟಕ ಬಿಟ್ಟು ಸಿನಿಮಾಕ್ಕೆ ಓಡುವವಳಲ್ಲ ನಾನು ಅನ್ನುವ ಜಂಬ ಇತ್ತು. ಎಲ್ಲರಿಗೂ ಬಹಳ ವರ್ಷ ಇದೇ ಕಾರಣ ಹೇಳಿಕೊಂಡು ತಿರುಗಿದೆ, ಕೇಳಲು ಚೆನ್ನಾಗಿರುತ್ತದೆ ಅಲ್ವಾ. ನಿಜ ಬೇರೆ. ಶೂಟಿಂಗ್‌ನಲ್ಲಿ ಎರಡು ಸಲ ನನ್ನ ಬಾಯಲ್ಲಿ "ಎಂಥದು" ಬಂದಿತ್ತು. ಸಹಾಯಕ ಹುಡುಗನೊಬ್ಬ "ಮೇಡಂ ಮಂಗಳೂರಾ?" ಅಂತ ನಕ್ಕಿದ್ದ. ಸೆಟ್ಟಿನಲ್ಲಿ ಎಲ್ಲರೂ ನಕ್ಕಿದ್ದರು. ಕಥೆ ನಡೆಯುವುದು ಮಲೆನಾಡಿನಲ್ಲಿ, ಪಾತ್ರ ಮಲೆನಾಡಿನದು, ಇಡೀ ಸೆಟ್ಟಿನಲ್ಲಿ ಮಲೆನಾಡಿನವಳು ನಾನೊಬ್ಬಳೇ, ನಾಚಿಕೆ ಪಟ್ಟುಕೊಂಡವಳೂ ನಾನೇ. ಬೇರೆಯವರು ಹೇಳುತ್ತಾರೆ ಅಂದಾಗ ಒಳಗೊಳಗೆ ಹಗುರಾಗಿತ್ತು.

ಸಿನಿಮಾ ಶಿವಮೊಗ್ಗಕ್ಕೆ ಬಂತು. ಅಮ್ಮನನ್ನು ಕರೆದುಕೊಂಡು ಮಧ್ಯಾಹ್ನದ ಆಟಕ್ಕೆ ಹೋದೆ. ನನ್ನ ಮೊದಲ ಸೀನು ಹಿತ್ತಿಲಲ್ಲಿ. ಬೇಲಿ ಹಾರಿದ ಕರುವನ್ನು ಕೂಗಿ ಕರೆಯಬೇಕು. ಶೂಟಿಂಗ್‌ನಲ್ಲಿ ನಾನು ಎಷ್ಟು ಜೋರಾಗಿ ಕರೆದಿದ್ದೆ ಅಂದರೆ ಪಕ್ಕದ ಮನೆಯ ಕರುವೂ ತಲೆ ಎತ್ತಿತ್ತು. ಪರದೆಯ ಮೇಲೆ ನನ್ನ ಕತ್ತಿನ ನರ ಉಬ್ಬಿದೆ, ಬಾಯಿ ಪೂರ್ತಿ ತೆರೆದಿದೆ. ಬರುತ್ತಿರುವ ದನಿ ಮಾತ್ರ ನಯವಾಗಿ, ಮನೆಗೆ ಬಂದ ನೆಂಟರನ್ನು ಒಳಗೆ ಕರೆದ ಹಾಗೆ, "ಬಾ... ಬಾ..."

ಅಮ್ಮ ನನ್ನ ಕಡೆ ತಿರುಗಿದಳು. "ಅದ್ಯಾರೇ ಮಾತಾಡೋದು?"

ನಾನು ಸುಮ್ಮನಿದ್ದೆ.

"ಹಿಂಗೆ ಕರೆದ್ರೆ ಯಾವ ಕರ ಬರ್ತದೆ ಮಾರಾಯ್ತಿ?"

ಹಿಂದಿನ ಸಾಲಿನವರು ನಕ್ಕರು. ಇಂಟರ್‌ವಲ್‌ನಲ್ಲಿ ಅಮ್ಮ ಕಡಲೆಕಾಯಿ ತಿಂದಳು, ನಾನು ತಿನ್ನಲಿಲ್ಲ.

ಅವಮಾನ ಮರೆತುಹೋಗುತ್ತಿತ್ತು. ಮುಂದಿನದು ಮರೆಯುವಂಥದ್ದಲ್ಲ. ಒಬ್ಬ ಹೊಸಮುಖದ ದನಿಯನ್ನು ಬೇರೆಯವರಿಂದ ಹೇಳಿಸಿದರೆ, ಅವಳಿಗೆ ಡೇಟ್ ಇರಲಿಲ್ಲ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಅವಳ ದನಿ ಸರಿ ಇಲ್ಲ ಅಂದುಕೊಳ್ಳುತ್ತಾರೆ. ಮುಂದಿನ ಸಿನಿಮಾದವರು ನನ್ನನ್ನು ಡಬ್ಬಿಂಗ್‌ಗೆ ಕರೆಯಲೇ ಇಲ್ಲ. ಅದರ ಮುಂದಿನವರೂ ಇಲ್ಲ. ಕೇಳಿದರೆ, "ನಿಮಗೆ ಯಾವಾಗಲೂ ಬೇರೆಯವರೇ ಹೇಳೋದಲ್ವಾ?" ಆಮೇಲೆ ಮಾತೇ ಕಡಿಮೆ ಇರುವ ಪಾತ್ರಗಳು ಬರತೊಡಗಿದವು. ಮೂಗಿ. ಹಾಸಿಗೆ ಹಿಡಿದ ತಾಯಿ. ಬಾಗಿಲ ಹಿಂದೆ ನಿಂತು ಅಳುವವಳು. ಆರು ವರ್ಷ ಪರದೆಯ ಮೇಲೆ ನನ್ನ ದನಿ ಯಾರಿಗೂ ಕೇಳಿಸಲಿಲ್ಲ. ಅದೇ ವರ್ಷಗಳಲ್ಲಿ ರಂಗದ ಮೇಲೆ ಮೈಕ್ ಇಲ್ಲದೆ ಎರಡು ಗಂಟೆ ಮಾತಾಡುತ್ತಿದ್ದೆ.

ಇನ್ನೊಂದು ಕಡೆ ಬಿ. ಜಯಶ್ರೀ ಅವರನ್ನು ನೋಡಿ. ಗುಬ್ಬಿ ವೀರಣ್ಣನವರ ಮೊಮ್ಮಗಳು, 2013ರಲ್ಲಿ ಪದ್ಮಶ್ರೀ ಬಂತು. ಅವರು ಸಿನಿಮಾದಲ್ಲಿ ಬೇರೆ ನಟಿಯರಿಗೆ ದನಿ ಕೊಟ್ಟವರು. ನಾಟಕದ ಗಂಟಲಿಗೆ ಅಷ್ಟು ಬೆಲೆ ಇದೆ. ನಾನು ಅಂಥದ್ದನ್ನು ಬಿಟ್ಟಿ ಬಿಟ್ಟು ಬಂದಿದ್ದೆ.

ನನ್ನನ್ನು ಎತ್ತಿದ್ದು ನೀವು ಅನುಮಾನದಿಂದ ನೋಡುತ್ತಿರುವ ಸೀರಿಯಲ್ಲೇ. 2016ರಲ್ಲಿ ಒಂದು ಧಾರಾವಾಹಿಯಲ್ಲಿ ಅಜ್ಜಿ ಪಾತ್ರ ಕೊಟ್ಟರು. ನನಗಾಗ 31. ತಲೆಗೆ ಬಿಳಿ ಬಣ್ಣ ಬಳಿದರು. ಅಲ್ಲಿ ಶೂಟಿಂಗ್‌ನಲ್ಲೇ ದನಿ ಹಿಡಿಯುತ್ತಿದ್ದರು, ಸೆರಗಿನ ಒಳಗೆ ಚಿಕ್ಕ ಮೈಕು. ಸೀರಿಯಲ್‌ನಲ್ಲಿ ಪ್ರಾಂಪ್ಟಿಂಗ್ ಇರುತ್ತದೆ. ಸಹಾಯಕರು ಪಕ್ಕದಲ್ಲಿ ನಿಂತು ಮಾತು ಓದುತ್ತಾರೆ, ನಾವು ಕೇಳಿಸಿಕೊಂಡು ಹೇಳಬೇಕು. ನಾನು ಹಾಳೆ ಇಸಿದುಕೊಂಡು ಬಾಯಿಪಾಠ ಮಾಡಿ ನಿಲ್ಲುತ್ತಿದ್ದೆ. ದಿನಕ್ಕೆ ಅಷ್ಟೊಂದು ಸೀನು ಮುಗಿಸಬೇಕಾದವರಿಗೆ ಒಂದೇ ಟೇಕ್‌ನಲ್ಲಿ ಓಕೆ ಆಗುವ ಅಜ್ಜಿ ಅಂದರೆ ಬಂಗಾರ. ದಿನದ ಲೆಕ್ಕದಲ್ಲಿ ಪೇಮೆಂಟ್. ಅಮ್ಮನಿಗೆ ಡಬ್ಬದ ಲೆಕ್ಕ, ನನಗೆ ದಿನದ ಲೆಕ್ಕ. ಅಂದ ಹಾಗೆ ಪ್ಯಾನ್ ಕಾರ್ಡ್ ಇಲ್ಲದೆ ಹೋಗಬೇಡಿ. ಪೇಮೆಂಟ್‌ನಲ್ಲಿ 10% ಟಿಡಿಎಸ್, ಅಂದರೆ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯುತ್ತಾರೆ, ಪ್ಯಾನ್ ಇಲ್ಲದಿದ್ದರೆ 20%. ವರ್ಷದ ಕೊನೆಗೆ ರಿಟರ್ನ್ ಹಾಕಿದರೆ ಜಾಸ್ತಿ ಹಿಡಿದದ್ದು ವಾಪಸ್ ಬರುತ್ತದೆ. ನಾನು ಮೂರು ವರ್ಷ ಹಾಕದೇ ಕೂತಿದ್ದೆ, ಅದು ಇನ್ನೊಂದು ಕಥೆ.

ಹಾಗಾಗಿ ನಾಟಕವೋ ಸೀರಿಯಲ್ಲೋ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎರಡೂ ಕೂಲಿಯೇ. ಎರಡೂ ಕಡೆ ಒಳ್ಳೆಯವರಿದ್ದಾರೆ, ಸಂಬಳ ಬಾಕಿ ಇಡುವವರೂ ಇದ್ದಾರೆ. ಮನೆಯಲ್ಲಿ ಸಾಲ ಇದ್ದರೆ ಸೀರಿಯಲ್‌ಗೆ ಹೋಗಿ, ಯಾರಾದರೂ ಮೂಗು ಮುರಿದರೆ ಅವರ ಹತ್ತಿರವೇ ಕಂತು ಕಟ್ಟಿಸಿ. ಸಾಲ ಇಲ್ಲದಿದ್ದರೆ ಈ ವರ್ಷ ಹೆಗ್ಗೋಡಿಗೆ ಹೋಗಿ. ನಾಯಕಿಯ ತಂಗಿಗೆ ಕಥೆಯಲ್ಲಿ ಮದುವೆ ಮಾಡಿಸಿ ದುಬೈಗೆ ಕಳಿಸಲು ಒಂದು ಎಪಿಸೋಡ್ ಸಾಕು, ಅಂಥ ಪಾತ್ರ ಮತ್ತೆ ಬರುತ್ತದೆ. ಎಲ್ಲಿಗೆ ಹೋದರೂ ಅಗ್ರಿಮೆಂಟ್‌ನಲ್ಲಿ ದುಡ್ಡಿನ ಸಾಲು ಓದುವ ಮೊದಲು "ಡಬ್ಬಿಂಗ್ ನಾನೇ ಮಾಡುತ್ತೇನೆ" ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಬರೆಸಿ. ನಗುತ್ತಾರೆ. ನಗಲಿ.

ಕಳೆದ ವರ್ಷ ಒಂದು ಸಿನಿಮಾದ ಡಬ್ಬಿಂಗ್‌ಗೆ ತಾಳಗುಪ್ಪದಿಂದ ಹೊರಡುವ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಿದ್ದೆ. ಥಿಯೇಟರ್ ಹೊರಗೆ ಬೆಂಚಿನ ಮೇಲೆ ಒಬ್ಬರು ಹೆಂಗಸು ತಮ್ಮ ಸರದಿಗೆ ಕಾಯುತ್ತಿದ್ದರು. ನನ್ನ ಮುಖ ನೋಡಿ ಗಕ್ಕನೆ ಎದ್ದು ನಿಂತರು. "ನಿಮಗ ನಾನು ದನಿ ಕೊಟ್ಟೀನ್ರಿ" ಅಂದರು. 2010ರ ಸಿನಿಮಾ. ಧಾರವಾಡ ಕಡೆಯವರು. 14 ವರ್ಷದಿಂದ ಯಾರನ್ನು ಬೈದುಕೊಳ್ಳುತ್ತಿದ್ದೆನೋ ಅವರು ನನ್ನ ಮುಂದೆ ಟಿಫನ್ ಡಬ್ಬಿ ಹಿಡಿದು ನಿಂತಿದ್ದರು.

ಚಹಾ ಕುಡಿಯಲು ಹೋದೆವು. "ನಿಮ್ಮ ತುಟಿ ಹಿಡಿಯೋದು ಭಾಳ ಕಷ್ಟ ಇತ್ರಿ. ಹೌದು ಅನ್ನೂ ಮೊದಲ ಒಂದು ಉಸಿರು ಒಳಗ ಎಳಕೋತೀರಿ" ಅಂದರು. ನನಗೇ ಗೊತ್ತಿರಲಿಲ್ಲ ಅದು. ಅಲ್ಲೇ "ಹೌದು" ಅಂದು ನೋಡಿದೆ, ನಿಜ.

ಆಮೇಲೆ ಆ ಕರುವಿನ ಸೀನು ಕೇಳಿದೆ. ಅವರು ಗ್ಲಾಸು ಕೆಳಗಿಟ್ಟರು. "ನಮ್ಮನ್ಯಾಗೂ ದನಾ ಇದ್ವು ರೀ. ನಾ ಹಳ್ಳ್ಯಾಗ ಕರದಂಗನ ಕರದೆ. ಒಳಗಿನವರು, ಅಷ್ಟ ಜೋರ ಬ್ಯಾಡ, ಮೆಲ್ಲಕ ಕರೀರಿ ಅಂದ್ರು."

"ಹೇಗೆ ಕರೆದಿದ್ರಿ?"

ಅವರು ಆಚೆ ಈಚೆ ನೋಡಿದರು. ಆಮೇಲೆ ಬೀದಿಯಲ್ಲೇ ಕರೆದರು, ಅವರ ಊರಿನ ಹಾಗೆ. ನಾನು ನಮ್ಮ ಊರಿನ ಹಾಗೆ ಕರೆದೆ. ಚಹಾದವನು ಸೌಟು ಹಿಡಿದುಕೊಂಡೇ ಹೊರಗೆ ಬಂದ.