ಕೀ ಬರೆಯದ ಟೇಬಲ್ ರಿಲೇಷನಲ್ ಆಗುತ್ತಾ?

ಪ್ರಶ್ನೆ: ಈಚೆಗೆ ಒಂದು ಹಳೆಯ ಡೇಟಾಬೇಸ್ ನನ್ನ ಕೈಗೆ ಬಂತು. ಒಂದು ಟೇಬಲ್‌ಗೂ ಪ್ರೈಮರಿ ಕೀ ಇಲ್ಲ, ಫಾರಿನ್ ಕೀ ಇಲ್ಲ. ಸೀನಿಯರ್‌ಗಳನ್ನು ಕೇಳಿದರೆ 'ಚೆಕ್ ಎಲ್ಲ ಪ್ರೋಗ್ರಾಮ್‌ನಲ್ಲೇ ಇದೆ' ಅಂತಾರೆ. ಇದನ್ನು ನಿಜಕ್ಕೂ ರಿಲೇಷನಲ್ ಅನ್ನಬಹುದಾ?

ಉತ್ತರ: ಎರಡು ಕೀಗಳನ್ನೂ ಬೇರೆ ಬೇರೆಯಾಗಿ ನೋಡಬೇಕು. ಪ್ರೈಮರಿ ಕೀ ಅಂದರೆ ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಂ ಅಥವಾ ಕಾಲಂಗಳು, ಫಾರಿನ್ ಕೀ ಅಂದರೆ ಇನ್ನೊಂದು ಟೇಬಲ್‌ನ ಸಾಲನ್ನು ತೋರಿಸುವಂಥದ್ದು.

ರಿಲೇಷನಲ್ ಅಂದರೆ ಟೇಬಲ್‌ಗಳ ನಡುವಿನ ನಂಟು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. 1970ರಲ್ಲಿ ಐಬಿಎಮ್‌ನ ಎಡ್ಗರ್ ಕಾಡ್ ಈ ಮಾದರಿಯನ್ನು ಮುಂದಿಟ್ಟಾಗ ಆ ಪದವನ್ನು ಗಣಿತದಿಂದ ತಂದರು. ಅಲ್ಲಿ ರಿಲೇಷನ್ ಅಂದರೆ ಒಂದು ಗಣ, ಶಾಲೆಯಲ್ಲಿ ಕಲಿತೆವಲ್ಲ, ಅದೇ. ಗಣದಲ್ಲಿ ಒಂದೇ ಸಾಲು ಎರಡು ಸಲ ಇರೋದಿಲ್ಲ, ಹಾಗಾಗಿ ಪ್ರತಿ ರಿಲೇಷನ್‌ಗೂ ಒಂದು ಕೀ ಇದ್ದೇ ಇರುತ್ತದೆ, ಬೇರೇನೂ ಸಿಗದಿದ್ದರೆ ಎಲ್ಲ ಕಾಲಂ ಸೇರಿಯಾದರೂ.

ಡೇಟಾಬೇಸ್ ಜೊತೆ ಮಾತಾಡುವ ಭಾಷೆಯಾದ ಎಸ್‌ಕ್ಯೂಎಲ್‌ನ ಟೇಬಲ್ ಹಾಗಲ್ಲ. ಕೀ ಬರೆಯದಿದ್ದರೆ ಅದೇ ಸಾಲನ್ನು ಎಷ್ಟು ಸಲ ಬೇಕಾದರೂ ತುಂಬಿಸಿಕೊಳ್ಳುತ್ತದೆ. ಗ್ರಾಹಕರೊಬ್ಬರು ಹಣ ಕಟ್ಟಿದ ಸಾಲು ಎರಡು ಸಲ ಇದೆ ಅಂದುಕೊಳ್ಳಿ. ಅವರು ಎರಡು ಸಲ ಕಟ್ಟಿದರಾ, ಅಥವಾ ಒಂದೇ ಪಾವತಿ ಎರಡು ಸಲ ದಾಖಲಾಯಿತಾ? ಟೇಬಲ್ ಹೇಳೋದಿಲ್ಲ. ಯಾವ ಸಾಲು ಅಂತ ಹೇಳುವ ಮಾಮೂಲಿ ವೇರ್ ಷರತ್ತು ಹಾಕಿ ಅದರಲ್ಲಿ ಒಂದನ್ನು ಮಾತ್ರ ಅಳಿಸೋಕೂ ಆಗಲ್ಲ, ಎರಡೂ ಹೋಗುತ್ತವೆ. ನನ್ನ ಪ್ರಕಾರ ಅಂಥ ಟೇಬಲ್ ರಿಲೇಷನ್ ಅಲ್ಲ. ಇವತ್ತು ನಕಲು ಸಾಲು ಇಲ್ಲದಿದ್ದರೂ ಅದು ಅದೃಷ್ಟ ಅಷ್ಟೇ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಸಾಲುಗಳನ್ನು ಸಂಗ್ರಹಿಸುವ ಇನ್ನೋಡಿಬಿ ಎಂಜಿನ್, ಕೀ ಸಿಗದಿದ್ದಾಗ ಒಳಗೇ 6 ಬೈಟ್‌ನ ಒಂದು ನಂಬರ್ ಇಟ್ಟುಕೊಳ್ಳುತ್ತದೆ, ನಿಜ. ಆದರೆ ಅದು ನಿಮ್ಮ ಕ್ವೆರಿಗೆ ಕಾಣೋದಿಲ್ಲ, ನಿಮ್ಮ ಮಾಹಿತಿಯ ಬಗ್ಗೆ ಏನೂ ಹೇಳೋದೂ ಇಲ್ಲ.

ಫಾರಿನ್ ಕೀ ಬೇರೆ ವಿಷಯ. ಅದಿಲ್ಲದೆಯೂ ಟೇಬಲ್ ರಿಲೇಷನ್ ಆಗಿರಬಹುದು, ಜಾಯಿನ್ (ಎರಡು ಟೇಬಲ್ ಸೇರಿಸಿ ಓದೋದು) ಸಲೀಸಾಗಿ ನಡೆಯುತ್ತದೆ. ಆದರೆ ಇಂಥ ನಿಯಮಗಳು ಪ್ರೋಗ್ರಾಮ್‌ನಲ್ಲಲ್ಲ, ಡೇಟಾಬೇಸ್‌ನ ಕೆಟಲಾಗ್‌ನಲ್ಲೇ (ಡೇಟಾಬೇಸ್ ತನ್ನ ಟೇಬಲ್, ನಿಯಮಗಳ ವಿವರ ಬರೆದಿಡುವ ಜಾಗ) ಇರಬೇಕು ಅಂತ ಕಾಡ್ 1985ರ ತಮ್ಮ ನಿಯಮಗಳಲ್ಲಿ ಸೇರಿಸಿದ್ದರು. ಕಾರಣ ಸರಳ: ನಿಮ್ಮ ಪ್ರೋಗ್ರಾಮ್ ಚೆಕ್ ಮಾಡುತ್ತೆ, ಸರಿ, ರಾತ್ರಿ ಯಾರೋ ನೇರವಾಗಿ ಓಡಿಸುವ ಸ್ಕ್ರಿಪ್ಟ್ ಮಾಡುತ್ತಾ? ಬರೆದರೂ ಸಾಲದು, ಮೈಎಸ್‌ಕ್ಯೂಎಲ್‌ನ ಇನ್ನೊಂದು ಎಂಜಿನ್ ಮೈಐಸ್ಯಾಮ್ ಫಾರಿನ್ ಕೀಯನ್ನು ಓದಿ ಸುಮ್ನೆ ಬಿಟ್ಟುಬಿಡುತ್ತದೆ, ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಕನೆಕ್ಷನ್‌ನಲ್ಲೂ ಅದನ್ನು ಆನ್ ಮಾಡಬೇಕು.

ನಿಮ್ಮ ಸೀನಿಯರ್‌ಗಳನ್ನು ಪೂರ್ತಿ ದೂರಬೇಡಿ. 1986ರ ಮೊದಲ ಎಸ್‌ಕ್ಯೂಎಲ್ ಸ್ಟ್ಯಾಂಡರ್ಡ್‌ನಲ್ಲಿ ಪ್ರೈಮರಿ ಕೀಯೇ ಇರಲಿಲ್ಲ, 1989ರಲ್ಲಿ ಬಂತು. ಮೊದಲು ಒಂದೇ ಥರದ ಸಾಲುಗಳನ್ನು ಗುಂಪು ಮಾಡುವ ಗ್ರೂಪ್ ಬೈ ಹಾಕಿ ನಕಲು ಸಾಲು ಹುಡುಕಿ, ಲೆಫ್ಟ್ ಜಾಯಿನ್‌ನಿಂದ ದಿಕ್ಕಿಲ್ಲದ (ಇನ್ನೊಂದು ಟೇಬಲ್‌ನಲ್ಲಿ ಜೋಡಿ ಸಿಗದ) ಸಾಲುಗಳನ್ನು ಹುಡುಕಿ, ಒಂದೊಂದೇ ಟೇಬಲ್‌ಗೆ ಕೀ ಸೇರಿಸಿ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಆದರೆ ಫಾರಿನ್ ಕೀಯನ್ನು 'ನಾಟ್ ವ್ಯಾಲಿಡ್' ಅಂತ ಹಾಕಿ. ಹೊಸ ಸಾಲುಗಳಿಗೆ ಅವತ್ತಿನಿಂದಲೇ ಕಾವಲು ಸಿಗುತ್ತದೆ, ಹಳೆಯದನ್ನು ನಿಧಾನವಾಗಿ ತೊಳೆಯಬಹುದು.